ನಿಯಮ ಇಬ್ಬರಿಗೂ ಒಂದೇ



ಇವತ್ತು ನಾನು ಇಸ್ಪೀಟಿನ ವಿಚಾರ ಮಾತಾಡಲು ಬಂದಿದ್ದೇನೆ. ಹಾಗೆಂದ ಕೂಡಲೇ ಕೆಲವರು ರೇಡಿಯೋ ಆರಿಸಲು ಕೈ ಚಾಚಿರಬಹುದು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮಾಸ್ತರನಿಗೆ ಮುದಿಪ್ರಾಯದಲ್ಲಿ ಇದೆಂಥ ಬುದ್ಧಿ ಎಂದುಕೊಳ್ಳಬಹುದು. ಸ್ವಲ್ಪ ತಡೆಯಿರಿ. ನಾನು ಹೇಳಲಿರುವುದು ಹಣ ಕಟ್ಟಿ ಆಡುವ ಆಟದ ಮಾತಲ್ಲ. ಮೊಬೈಲಿನೊಳಗೆ ಕಾರ್ಡುಗಳೇ ಸೈನಿಕರಾಗಿ ನಿಂತು ಕಾದಾಡುವ ಒಂದು ಆಟ ಉಂಟು. ಅದರ ಒಂದು ಗುಣ ನನ್ನ ಮನಸ್ಸಿಗೆ ಹಿಡಿಸಿತು. ಅದನ್ನು ನಿಮ್ಮ ಮುಂದೆ ಇಡಬೇಕೆಂದು ಬಂದೆ. ತಾಳವಾಡಿಯಲ್ಲಿರಲಿ, ಸೊಲ್ಲಾಪುರದಲ್ಲಿರಲಿ, ಆದೋನಿಯಲ್ಲಿರಲಿ, ನಿಮ್ಮ ಮನೆಯಲ್ಲೂ ಮೊಬೈಲಿಗೆ ಕಣ್ಣು ನೆಟ್ಟು ಕೂತ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಅವನು ಅಲ್ಲಿ ಏನು ಮಾಡುತ್ತಿದ್ದಾನೆಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಿದರೆ ನಷ್ಟವೇನಿಲ್ಲ.

ನಾವು ಕಾಸರಗೋಡಿನ ಕಡೆಯವರು. ನಮ್ಮಲ್ಲಿ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಗೊತ್ತಿಲ್ಲದ ಮನೆ ಕಡಿಮೆ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಮೂವತ್ತೆರಡು ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ, ರಾಣಿ, ಎಂಟು, ಏಳು, ಇವಕ್ಕೆ ಏನೂ ಇಲ್ಲ. ಹೀಗೆ ಒಂದು ಜಾತಿಗೆ ಏಳಂಕ, ನಾಲ್ಕು ಜಾತಿಗೆ ಇಪ್ಪತ್ತೆಂಟು. ತುರುಪು ಅನ್ನಿ, ಮಲಯಾಳದಲ್ಲಿ ತುರುಪ್ಪು ಅನ್ನಿ, ಅದನ್ನು ಮೊದಲೇ ಮುಚ್ಚಿಡಬೇಕು. ನಮ್ಮ ಕಡೆಯ ಪದ್ಧತಿಯಲ್ಲಿ ಮುಚ್ಚಿಟ್ಟವನೇ ಅದನ್ನು ಬಿಚ್ಚುವವರೆಗೆ ತುರುಪಿನಿಂದ ಆಟ ಶುರುಮಾಡುವ ಹಾಗಿಲ್ಲ. ಕೈಯಲ್ಲಿ ಬೆಂಕಿಯಂಥ ಎಲೆ ಇದ್ದರೂ ಸುಮ್ಮನೆ ಹಿಡಿದುಕೊಂಡು ಕೂರಬೇಕು.

ಈ ಆಟದಲ್ಲಿ ನನ್ನ ಜೋಡಿ ನಮ್ಮೂರ ಪೋಸ್ಟ್ ಮಾಸ್ತರರು. ಮಲಯಾಳ ಮನೆಮಾತಿನವರು. ಅವರು 'ಪದಿನಾರ್' ಎಂದು ಕೂಗುವುದು, ನಾನು 'ಹದಿನೇಳು' ಎಂದು ಕೂಗುವುದು. ನಲವತ್ತು ವರ್ಷ ಹಾಗೇ ನಡೆಯಿತು. ಕೈಗೆ ಕೆಟ್ಟ ಎಲೆ ಬಂದು ನಾನು ಗೊಣಗಿದರೆ ಅವರು ಒಂದೇ ಮಾತು ಹೇಳುತ್ತಿದ್ದರು: ''ಮಾಷೇ, ನಿಮ್ಮ ಕೈ ಖಾಲಿ ಅಂದರೆ ಆ ಗುಲಾಮ ಯಾರ ಕೈಯಲ್ಲಿ ಉಂಟು ಅಂತ ಯೋಚಿಸಿ.'' 2023ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆಮೇಲೆ ನಮ್ಮ ಜಗಲಿಯಲ್ಲಿ ಇಸ್ಪೀಟಿನ ಕಟ್ಟು ಬಿಚ್ಚಲಿಲ್ಲ. ನಾಲ್ಕರಲ್ಲಿ ಒಬ್ಬ ಇಲ್ಲ ಅಂದಮೇಲೆ ಇಪ್ಪತ್ತೆಂಟು ಇಲ್ಲ, ಅಷ್ಟೇ. ಕಟ್ಟು ಗೋಡೆಯ ಗೂಡಿನಲ್ಲಿ ಕೂತಿತ್ತು.

ಹೀಗಿರುವಾಗ ಮಗಳ ಮಗ ರಜೆಗೆ ಬಂದ. ಇಪ್ಪತ್ತರ ಹುಡುಗ, ಡಿಪ್ಲೊಮಾ ಓದುತ್ತಿದ್ದಾನೆ. ಸಂಜೆಯಾದರೆ ಜಗಲಿಯ ಮೂಲೆಯಲ್ಲಿ ಮೊಬೈಲು ಹಿಡಿದು ಒಬ್ಬನೇ ಬಯ್ಯುತ್ತಾ ಕೂರುತ್ತಿದ್ದ. ಒಂದು ದಿನ ''ಇದೆಲ್ಲ ಬರೀ ಮೋಸ'' ಎಂದು ಮೊಬೈಲನ್ನು ಚಾಪೆಯ ಮೇಲೆ ಕುಕ್ಕಿದ. ಯಾರು ಮೋಸ ಮಾಡಿದ್ದು ಎಂದು ನಾನು ಕೇಳಿದೆ. ''ನಿಯಮ'' ಎಂದ. ಅಲ್ಲಿಂದ ನಮ್ಮಿಬ್ಬರ ಪಾಠ ಶುರು. ಈ ಸಲ ಮಾಸ್ತರ ಅವನು, ವಿದ್ಯಾರ್ಥಿ ನಾನು.

ಆಟದ ಹೆಸರು ಸ್ಪ್ಲಿಂಟರ್‌ಲ್ಯಾಂಡ್ಸ್. ಜೆಸ್ಸಿ ರೈಕ್, ಮ್ಯಾಥ್ಯೂ ರೋಸನ್ ಎಂಬವರು ಅಮೆರಿಕದಲ್ಲಿ 2018ರಲ್ಲಿ ಅದನ್ನು ಸ್ಟೀಮ್ ಮಾನ್‌ಸ್ಟರ್ಸ್ ಎಂಬ ಹೆಸರಿನಲ್ಲಿ ಹೊರತಂದರು. ಮರುವರ್ಷ ಈಗಿನ ಹೆಸರು ಬಂತು. ಕಾರ್ಡು ಯಾರದ್ದು ಎಂಬ ಲೆಕ್ಕವನ್ನು ಬ್ಲಾಕ್‌ಚೈನ್ ಎಂಬ, ಎಲ್ಲರೂ ನೋಡಬಹುದಾದ, ಒಬ್ಬರಿಂದ ತಿದ್ದಲಾಗದ ಖಾತೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಆದ್ದರಿಂದ ಕಾರ್ಡುಗಳನ್ನು ಜಮೀನಿನ ಹಾಗೆ ಕೊಳ್ಳುವ, ಮಾರುವ, ಬಾಡಿಗೆಗೆ ಕೊಡುವ ವ್ಯವಹಾರವೂ ಅದರ ಸುತ್ತ ಬೆಳೆದಿದೆ. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಟ.

ಇಬ್ಬರು ಎದುರಾಳಿಗಳು. ಒಬ್ಬೊಬ್ಬರಿಗೆ ಒಬ್ಬ ನಾಯಕ, ಅವನ ಕೆಳಗೆ ಹೆಚ್ಚೆಂದರೆ ಆರು ಭಟರು. ಭಟರು ಸಾಲಾಗಿ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಅವರಲ್ಲಿ ಮೂರು ಬಗೆ. ನಾವು ಅಜ್ಜ ಮೊಮ್ಮಗ ಸೇರಿ ಅವರಿಗೆ ಕನ್ನಡದ ಹೆಸರು ಕೊಟ್ಟುಕೊಂಡೆವು. ಕತ್ತಿಯವರು, ಬಿಲ್ಲಿನವರು, ಮಂತ್ರದವರು. ಕತ್ತಿಯವನು ಸಾಧಾರಣವಾಗಿ ಮೊದಲನೆಯ ಸ್ಥಾನದಲ್ಲಿ ನಿಂತರೆ ಮಾತ್ರ ಹೊಡೆಯಬಲ್ಲ. ಬಿಲ್ಲಿನವನು ಇದಕ್ಕೆ ವಿರುದ್ಧ, ಮೊದಲನೆಯ ಸ್ಥಾನದಲ್ಲಿ ನಿಂತರೆ ಅವನ ಬಿಲ್ಲು ಏಳುವುದಿಲ್ಲ. ಮಂತ್ರದವನಿಗೆ ಎಲ್ಲಿ ನಿಂತರೂ ನಡೆಯುತ್ತದೆ. ಎದುರಾಳಿಯ ಕವಚವನ್ನು ದಾಟಿ ನೇರ ಪ್ರಾಣಕ್ಕೇ ತಾಗುತ್ತದೆ. ಪ್ರತಿ ಭಟನಿಗೂ ಇಷ್ಟು ಪ್ರಾಣ, ಇಷ್ಟು ಕವಚ, ಇಷ್ಟು ವೇಗ ಎಂದು ಅಂಕೆಗಳಿವೆ. ಇವಲ್ಲದೆ ಕೆಲವರಿಗೆ ವಿಶೇಷ ವಿದ್ಯೆಗಳು: ಒಬ್ಬ ಎದುರಿನ ಸಾಲಿನ ಕಟ್ಟಕಡೆಯವನ ಮೇಲೆ ಬೀಳುತ್ತಾನೆ, ಅವನನ್ನು ನಾವು ಹಿಂಬಾಗಿಲ ಕಳ್ಳ ಎಂದೆವು. ಒಬ್ಬನ ಮೈತುಂಬ ಮುಳ್ಳು, ಕತ್ತಿಯಿಂದ ಹೊಡೆದವನಿಗೇ ಪೆಟ್ಟು. ಒಬ್ಬ ಪಂಡಿತ, ಮುಂದೆ ನಿಂತವನ ಗಾಯಕ್ಕೆ ಮದ್ದು ಹಾಕುವವ.

ಭಟರನ್ನು ಇಳಿಸಲು ಖರ್ಚು ಉಂಟು. ಅದಕ್ಕೆ ಮನಾ ಎಂಬ ಲೆಕ್ಕ. ಸಣ್ಣವನಿಗೆ ಎರಡು ಮೂರು ಮನಾ, ದೈತ್ಯನಿಗೆ ಒಂಬತ್ತು ಹತ್ತು. ಪ್ರತಿ ಪಂದ್ಯಕ್ಕೂ ಒಂದು ಮಿತಿ ಹಾಕುತ್ತಾರೆ. ಒಂದು ಸಲ 15 ಮನಾ ಸಿಕ್ಕೀತು, ಮುಂದಿನ ಸಲ 40. ಸಿಕ್ಕಿದ್ದರಲ್ಲೇ ನಾಯಕನ ಖರ್ಚೂ ಕಳೆಯಬೇಕು. ಕೈಯಲ್ಲಿ ಎರಡು ಮೂರು ನಿಮಿಷ ಸಮಯ. ಅಷ್ಟರೊಳಗೆ ಸಾಲು ಕಟ್ಟಿ ಒಪ್ಪಿಸಿದರೆ ಆಯಿತು; ಆಮೇಲೆ ನೀವು ಏನೂ ಮಾಡುವ ಹಾಗಿಲ್ಲ. ಯುದ್ಧ ತಾನಾಗಿ ನಡೆಯುತ್ತದೆ, ನೀವು ನೋಡುತ್ತಾ ಕೂರುವುದು. ಪೋಸ್ಟ್ ಡಬ್ಬಕ್ಕೆ ಹಾಕಿದ ಕಾಗದದ ಹಾಗೆ.

ಇಷ್ಟೇ ಆಗಿದ್ದರೆ ಒಂದು ಒಳ್ಳೆಯ ಸಾಲು ಹುಡುಕಿ ದಿನವೂ ಅದನ್ನೇ ಒಪ್ಪಿಸಿ ಗೆಲ್ಲಬಹುದಿತ್ತು. ಈ ಆಟ ಕಟ್ಟಿದವರು ಅಲ್ಲೇ ಒಂದು ಕೊಂಡಿ ಹಾಕಿದ್ದಾರೆ. ಪ್ರತಿ ಪಂದ್ಯಕ್ಕೂ ಒಂದು, ಕೆಲವೊಮ್ಮೆ ಎರಡು ಮೂರು ವಿಶೇಷ ನಿಯಮಗಳು ಎಲ್ಲಿಂದಲೋ ಬಂದು ಬೀಳುತ್ತವೆ. ಇವತ್ತು ಮಂತ್ರದವರು ಬರಕೂಡದು. ಇವತ್ತು ಸಮಸಂಖ್ಯೆಯ ಮನಾದವರು ಮಾತ್ರ. ಇವತ್ತು ಯಾರ ಮೈಮೇಲೂ ಕವಚ ಇಲ್ಲ. ಪಂದ್ಯ ಶುರುವಾಗುವ ಹೊತ್ತಿಗಷ್ಟೇ ಇದು ತಿಳಿಯುವುದು.

ನಮ್ಮ ಹುಡುಗನ ಸಂಕಟ ಅಲ್ಲೇ. ಅವನದು ಬೆಂಕಿ ಪಂಗಡದ ಸೈನ್ಯ, ತುಂಬ ಕತ್ತಿಯವರು. ಕತ್ತಿಯ ಪೆಟ್ಟನ್ನು ಒಂದು ಅಂಕ ಹೆಚ್ಚಿಸುವ ನಾಯಕ. ವಾರಗಟ್ಟಲೆ ಕೂತು ತಿದ್ದಿ ತೀಡಿ ಕಟ್ಟಿದ ಸಾಲು. ಅವತ್ತು ಬಂದ ನಿಯಮದ ಹೆಸರು 'ಕೀಪ್ ಯುವರ್ ಡಿಸ್ಟನ್ಸ್', ದೂರದಲ್ಲಿರಿ ಎಂದು. ಅರ್ಥ ಏನೆಂದರೆ ಕತ್ತಿಯವರು ಯಾರೂ ಬರಕೂಡದು. ಮನಾ ಮಿತಿ 22. ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅದೇ ಬೆಂಕಿಯ ನಾಯಕನನ್ನು ಹಾಕಿ, ಇದ್ದಬದ್ದ ಬಿಲ್ಲಿನವರನ್ನು ಸಾಲು ಹಿಡಿಸಿ ಒಪ್ಪಿಸಿಬಿಟ್ಟ. ಏನಾಯಿತೆಂದು ನೀವೇ ಊಹಿಸಬಹುದು. ಮುಂದೆ ನಿಂತ ಬಿಲ್ಲಿನವನು ಬಿಲ್ಲೆತ್ತದೆ ಸತ್ತ. ಅವನ ಹಿಂದಿನವನು ಮುಂದೆ ಬಂದ, ಅವನದೂ ಬಿಲ್ಲು ಏಳಲಿಲ್ಲ. ಸಾಲಿಗೆ ಸಾಲೇ ಹಾಗೆ ಮಲಗಿತು. ನಾಯಕ ಹೆಚ್ಚಿಸಬೇಕಾದ ಕತ್ತಿ ರಣದಲ್ಲಿ ಒಂದೂ ಇರಲಿಲ್ಲ, ಅವನಿಗೆ ಕೊಟ್ಟ ಮನಾ ನೀರಿಗೆ ಹಾಕಿದ ಹಾಗೆ.

''ನೋಡಿ ಅಜ್ಜ, ನನ್ನ ಎಲ್ಲ ಒಳ್ಳೆಯ ಕಾರ್ಡು ಕಿತ್ತುಕೊಂಡರು. ಇನ್ನು ಆಡೂದು ಹೇಗೆ?''

''ನಿನ್ನದು ಮಾತ್ರವಾ ಕಿತ್ತುಕೊಂಡದ್ದು?''

''ಎಂತ?''

''ಎದುರಿನವನಿಗೆ ಕತ್ತಿ ಉಂಟಾ?''

ಹುಡುಗ ಸುಮ್ಮನಾದ. ನನಗಾದರೂ ಆ ಪ್ರಶ್ನೆ ಹೊಳೆದದ್ದು ನನ್ನ ಜಾಣತನದಿಂದಲ್ಲ. ಖಾಲಿ ಕೈಯ ವಿಚಾರದಲ್ಲಿ ಪೋಸ್ಟ್ ಮಾಸ್ತರರು ನಲವತ್ತು ವರ್ಷ ಹೇಳಿದ್ದೇ ಅದು. ನಿಯಮ ಬಂದಾಗ ನಮ್ಮ ಕಣ್ಣು ಮೊದಲು ನಮ್ಮ ನಷ್ಟದ ಮೇಲೆ ಬೀಳುತ್ತದೆ. ಅದು ಸಹಜ. ಆದರೆ ನಿಯಮವನ್ನು ಎರಡು ಸಲ ಓದಬೇಕು: ನನ್ನ ಕೈಯಿಂದ ಏನು ಹೋಯಿತು ಎಂದು ಒಂದು ಸಲ, ನಾನು ಇನ್ನು ಯಾವುದಕ್ಕೆ ಹೆದರಬೇಕಿಲ್ಲ ಎಂದು ಇನ್ನೊಂದು ಸಲ. ಎರಡನೆಯ ಓದಿನಲ್ಲೇ ಗೆಲುವಿನ ದಾರಿ ಇರುವುದು.

ಇಬ್ಬರೂ ಕಾಗದ ಪೆನ್ಸಿಲು ಹಿಡಿದು ಕೂತೆವು. ಕತ್ತಿ ಇಲ್ಲದ ಪಂದ್ಯದಲ್ಲಿ ಮುಳ್ಳಿನ ಮೈಯವನಿಂದ ಉಪಯೋಗವಿಲ್ಲ, ಅವನಿಗೆ ಖರ್ಚು ಮಾಡಬಾರದು. ಎದುರಾಳಿಯ ಕತ್ತಿಯ ಬಲ ತಗ್ಗಿಸುವ ವಿದ್ಯೆಗೂ ಬೆಲೆ ಇಲ್ಲ. ಮೊದಲ ಸ್ಥಾನಕ್ಕೆ ಬಿಲ್ಲಿನವನು ಆಗುವುದಿಲ್ಲ. ಮಂತ್ರದವನು ನಿಲ್ಲಬೇಕು, ಇಲ್ಲವೇ ಯಾರನ್ನೂ ಹೊಡೆಯದೆ ಬರೀ ಪೆಟ್ಟು ತಿನ್ನಲೆಂದೇ ಹುಟ್ಟಿದ ಗೋಡೆಯಂಥವನು. ಅಂಥವರೂ ಆಟದಲ್ಲಿ ಇದ್ದಾರೆ. ಪೆಟ್ಟು ಕೊಡಲಾಗದವನಿಗೆ ಮನಾ ಯಾಕೆ ಹಾಕುವುದು ಎಂದು ಹುಡುಗ ಅವರನ್ನು ಮುಟ್ಟಿಯೇ ಇರಲಿಲ್ಲ. ಮುಂದೆ ಗೋಡೆ, ಅದರ ಹಿಂದೆ ಗೋಡೆಗೆ ಮದ್ದು ಹಾಕುವ ಪಂಡಿತ, ಅವನ ಹಿಂದೆ ಬಿಲ್ಲಿನವರು ಮಂತ್ರದವರು. ಕಾಗದದ ಮೇಲೆ ಬಹಳ ಚೆನ್ನಾಗಿ ಕಂಡಿತು.

ಎರಡು ದಿನ ಬಿಟ್ಟು ಅದೇ ನಿಯಮ ಮತ್ತೆ ಬಂತು. ನಮ್ಮ ಸಾಲು ಹೂಡಿದೆವು. ಮತ್ತೆ ಸೋತೆವು.

ಸೋತದ್ದು ಎಲ್ಲಿ ಎಂದು ಯುದ್ಧವನ್ನು ಪುನಃ ಹಾಕಿ ನೋಡಿದೆವು. ಮುಗಿದ ಯುದ್ಧವನ್ನು ಎಷ್ಟು ಸಲ ಬೇಕಾದರೂ ನೋಡಬಹುದು, ಇಸ್ಪೀಟಿನಲ್ಲಿ ಇಲ್ಲದ ಸೌಕರ್ಯ ಇದು. ಎದುರಿನವನ ಹತ್ತಿರ ಸ್ನೈಪ್ ಎಂಬ ವಿದ್ಯೆಯವನೊಬ್ಬ ಇದ್ದ, ಹೊಂಚುಗಾರ ಅನ್ನೋಣ. ಅವನು ಮೊದಲನೆಯವನನ್ನು ಬಿಟ್ಟು, ಹಿಂದೆ ನಿಂತವರಲ್ಲಿ ಕತ್ತಿಯಲ್ಲದವನು ಮೊದಲು ಯಾರು ಸಿಗುತ್ತಾನೋ ಅವನಿಗೆ ಗುರಿ ಇಡುತ್ತಾನೆ. ಬೇರೆ ದಿನಗಳಲ್ಲಿ ಎರಡನೆಯ ಸ್ಥಾನದಲ್ಲಿ ಕತ್ತಿಯವನೊಬ್ಬ ನಿಂತಿದ್ದರೆ ಹೊಂಚುಗಾರ ಅವನನ್ನು ದಾಟಿ ಹೋಗುತ್ತಾನೆ. ಇವತ್ತು ಕತ್ತಿಯವರೇ ಇಲ್ಲ. ಅಂದಮೇಲೆ ಹೊಂಚುಗಾರನ ಬಾಣ ಯಾವಾಗಲೂ ಎರಡನೆಯ ಸ್ಥಾನಕ್ಕೇ. ಅಲ್ಲಿ ನಾವು ಕೂರಿಸಿದ್ದು ಯಾರನ್ನು? ಕಡ್ಡಿಯ ಹಾಗಿದ್ದ ನಮ್ಮ ಪಂಡಿತನನ್ನು. ಅವನು ಮೊದಲ ಸುತ್ತಿನಲ್ಲೇ ಹೋದ, ಮದ್ದಿಲ್ಲದೆ ಗೋಡೆ ಕುಸಿಯಿತು.

''ಪಂಡಿತನನ್ನು ಎಲ್ಲಿಡೂದು ಅಜ್ಜ?''

ಹಿಂದಕ್ಕೆ ಹಾಕು ಎಂದೆ. ಕಟ್ಟಕಡೆಗೆ ಹಾಕಿದರೆ ಹಿಂಬಾಗಿಲ ಕಳ್ಳ ಬರುತ್ತಾನೆ ಎಂದು ಅವನ ಹೆದರಿಕೆ. ಹಿಂಬಾಗಿಲ ಕಳ್ಳನ ಕೈಯಲ್ಲಿ ಏನುಂಟು ಎಂದು ಕೇಳಿದೆ. ಆ ವಿದ್ಯೆಯವರು ಹೆಚ್ಚಾಗಿ ಕತ್ತಿಯವರೇ. ಅವರನ್ನು ನಿಯಮವೇ ಹೊರಗೆ ನಿಲ್ಲಿಸಿದೆ. ಹಾಗಾದರೆ ಸಾಲಿನ ಬಾಲ, ಬೇರೆ ದಿನ ಎಲ್ಲಕ್ಕಿಂತ ಅಪಾಯದ ಜಾಗ, ಇವತ್ತು ಮನೆಯ ಒಳಕೋಣೆಯಷ್ಟು ಭದ್ರ! ಹುಡುಗನ ಮುಖ ನೀವು ನೋಡಬೇಕಿತ್ತು. ಪಂಡಿತ ಬಾಲಕ್ಕೆ ಹೋದ. ಅವನ ಮದ್ದು ಎಲ್ಲಿಂದಾದರೂ ಮುಂದಿನವನಿಗೆ ಮುಟ್ಟುತ್ತದೆ. ಎರಡನೆಯ ಸ್ಥಾನಕ್ಕೆ ಗಟ್ಟಿಮುಟ್ಟಾದ ಬಿಲ್ಲಿನವನು ಬಂದ. ಮೂರನೆಯ ಸಲ ಆ ನಿಯಮ ಬಂದಾಗ ಗೆದ್ದೆವು. ಹೊಸ ಕಾರ್ಡು ಒಂದೂ ಸೇರಿರಲಿಲ್ಲ.

ಅಲ್ಲಿಂದ ನನಗೂ ರುಚಿ ಹತ್ತಿತು. ದಿನವೂ ಯಾವ ನಿಯಮ ಬಂದೀತೆಂದು ಕಾಯುವುದು. ಕೆಲವನ್ನು ಹೇಳುತ್ತೇನೆ.

'ಲಿಟಲ್ ಲೀಗ್' ಎಂಬ ನಿಯಮ ನನಗೆ ಬಹಳ ಇಷ್ಟ. ನಾಲ್ಕು ಮನಾ ದಾಟಿದ ಯಾರೂ, ನಾಯಕನೂ ಸೇರಿ, ಬರಕೂಡದು. ಒಂದು ಸಲ ಈ ನಿಯಮದ ಜೊತೆ ಮಿತಿ 45 ಎಂದು ಬಂತು. ಹುಡುಗನಿಗೆ ಖುಷಿ, ಬೇಕಾದಷ್ಟು ಮನಾ ಎಂದು. ಲೆಕ್ಕ ಹಾಕಿ ನೋಡು ಎಂದೆ. ಆರು ಭಟರು ನಾಲ್ಕರಂತೆ ಇಪ್ಪತ್ತನಾಲ್ಕು, ನಾಯಕನಿಗೆ ನಾಲ್ಕು, ಒಟ್ಟು ಇಪ್ಪತ್ತೆಂಟು. ಮತ್ತೆ ಇಪ್ಪತ್ತೆಂಟೇ ಬಂತು ನೋಡಿ! ಉಳಿದ 17 ಮನಾ ಯಾರಿಗೂ ಬೇಡದ ದುಡ್ಡು. ಅಂದಮೇಲೆ ಅವತ್ತು ಜಿಪುಣತನ ಮಾಡಬಾರದು. ಎರಡು ಮನಾದವನನ್ನು ಉಳಿತಾಯಕ್ಕೆಂದು ಹಾಕುವುದು ದಡ್ಡತನ. ಅವತ್ತು ದೈತ್ಯರನ್ನು ಕೊಂಡಿಟ್ಟ ದೊಡ್ಡ ಕುಳದ ಪೆಟ್ಟಿಗೆಗೂ ಬೀಗ ಬಿದ್ದಿರುತ್ತದೆ.

ನಿಯಮ ಕಿತ್ತುಕೊಳ್ಳುವುದರಲ್ಲೂ ಒಂದು ಲೆಕ್ಕ ಉಂಟು. 'ಲಾಸ್ಟ್ ಮ್ಯಾಜಿಕ್' ಎಂದು ಮಂತ್ರದವರನ್ನು ಹೊರಗಿಟ್ಟರೆ, ಕವಚ ದಾಟಿ ಹೊಡೆಯುವವರು ಹೆಚ್ಚುಕಡಿಮೆ ಇಲ್ಲ ಎಂದಾಯಿತು. ಅವತ್ತು ಕವಚದವನೇ ರಾಜ. ಕವಚ ತೆಗೆಯುವ 'ಅನ್‌ಪ್ರೊಟೆಕ್ಟೆಡ್' ಬಂದರೆ ತಲೆಕೆಳಗು. ಮೊದಲ ಕಂತುಗಳಲ್ಲಿ ಟೈರಸ್ ಪಲೇಡಿಯಂ ಎಂಬ ನಾಯಕನಿದ್ದಾನೆ, ತನ್ನ ಎಲ್ಲ ಭಟರಿಗೂ ಒಂದೊಂದು ಕವಚ ತೊಡಿಸುವವನು. ಅವತ್ತು ಅವನನ್ನು ಹಾಕಿದರೆ ಅವನ ದಾನ ಯಾರ ಮೈಗೂ ಹತ್ತುವುದಿಲ್ಲ. 'ಬ್ಯಾಕ್ ಟು ಬೇಸಿಕ್ಸ್' ಬಂದ ದಿನ ಎಲ್ಲರ ವಿಶೇಷ ವಿದ್ಯೆಗಳೂ ಮಾಯ. ಬಹು ವಿದ್ಯೆಯ ಭಟನಿಗೆ ನಾವು ಕೊಡುವ ಮನಾದಲ್ಲಿ ಅರ್ಧ ಆ ವಿದ್ಯೆಗಳ ಬೆಲೆಯೇ ಆಗಿರುತ್ತದೆ. ಅದು ಹೋದಮೇಲೆ ಅವನು ತುಟ್ಟಿ ಆಳು. ಓದುಬರಹ ಇಲ್ಲದ, ತೋಳಬಲ ಮಾತ್ರ ಇರುವ ಬಡಪಾಯಿಗಳನ್ನು ಅವತ್ತು ಹುಡುಕಿ ತರಬೇಕು.

ಕೆಲವು ನಿಯಮಗಳು ಯಾರನ್ನೂ ಹೊರಗಿಡುವುದಿಲ್ಲ, ಲೋಕವನ್ನೇ ತಿರುಗಿಸಿಬಿಡುತ್ತವೆ. 'ರಿವರ್ಸ್ ಸ್ಪೀಡ್' ಬಂದರೆ ನಿಧಾನದವನು ಮೊದಲು ಹೊಡೆಯುತ್ತಾನೆ, ಪೆಟ್ಟು ತಪ್ಪಿಸಿಕೊಳ್ಳುವ ಅದೃಷ್ಟವೂ ಅವನಿಗೇ ಹೆಚ್ಚು. ನಮ್ಮ ಹತ್ತಿರ ಒಬ್ಬ ಕಲ್ಲುಗುಂಡಿನಂಥವನಿದ್ದ, ವೇಗ ಒಂದು. ಅವನು ಬಿಸಿಲು ಕಂಡದ್ದೇ ಆ ದಿನ. ಆದರೆ ನಾವೊಂದು ತಪ್ಪು ಮಾಡಿದೆವು. ತನ್ನವರ ವೇಗವನ್ನೆಲ್ಲ ಒಂದು ಹೆಚ್ಚಿಸುವವನನ್ನು ಎಂದಿನ ಅಭ್ಯಾಸದಲ್ಲಿ ಸಾಲಿನಲ್ಲಿ ಬಿಟ್ಟಿದ್ದೆವು. ಅವನು ಉಪಕಾರ ಮಾಡಲು ಹೋಗಿ ನಮ್ಮವರನ್ನೆಲ್ಲ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿದ. ಎದುರಾಳಿಯ ವೇಗ ತಗ್ಗಿಸುವ ವಿದ್ಯೆಯೂ ಅಷ್ಟೇ, ಅವತ್ತು ಅದು ಶತ್ರುವಿಗೆ ಮಾಡುವ ಸೇವೆ.

'ಈಕ್ವಲೈಜರ್' ಎಂಬುದು ಇನ್ನೂ ಮಜಾ. ರಣದಲ್ಲಿ ಯಾರ ಪ್ರಾಣ ಎಲ್ಲರಿಗಿಂತ ಹೆಚ್ಚೋ, ಎರಡೂ ಕಡೆಯ ಎಲ್ಲರಿಗೂ ಅಷ್ಟೇ ಪ್ರಾಣ ಕೊಟ್ಟು ಯುದ್ಧ ಶುರುಮಾಡುತ್ತಾರೆ. ನೀವು ಹತ್ತು ಮನಾ ಕೊಟ್ಟು ದೊಡ್ಡ ಪ್ರಾಣದವನನ್ನು ತಂದರೆ ಆ ಪ್ರಾಣ ಎದುರಿನವನ ಚಿಳ್ಳೆಪಿಳ್ಳೆಗಳಿಗೂ ಪುಕ್ಕಟೆ ಹಂಚಿಹೋಗುತ್ತದೆ. ಅವತ್ತು ಪ್ರಾಣಕ್ಕೆ ದುಡ್ಡು ಕೊಡಬಾರದು, ಪೆಟ್ಟಿಗೆ ಕೊಡಬೇಕು. ಈ ಮಾತು ನಾನು ಹೇಳುವ ಮೊದಲೇ ಹುಡುಗ ಹೇಳಿದ. ಎರಡನೆಯ ಓದು ಅವನಿಗೆ ಕೈವಶವಾಗಿತ್ತು.

ಎರಡು ನಿಯಮ ಒಟ್ಟಿಗೆ ಬಂದರೆ ತಲೆಗೆ ಕೆಲಸ ಹೆಚ್ಚು. 'ನಾಕ್ಷಸ್ ಫ್ಯೂಮ್ಸ್' ಎಂದರೆ ವಿಷದ ಹೊಗೆ. ಎಲ್ಲರಿಗೂ ವಿಷ ತಾಗಿರುತ್ತದೆ, ಮೊದಲ ಸುತ್ತು ದಾಟಿದರೆ ಪ್ರತಿ ಸುತ್ತಿಗೂ ಎರಡೆರಡು ಪ್ರಾಣ ಹೋಗುತ್ತದೆ. ಆರು ಪ್ರಾಣದವನನ್ನು ಯಾರೂ ಮುಟ್ಟದಿದ್ದರೂ ಮೂರು ಸಲದಲ್ಲಿ ಮುಗಿದ. ಅವತ್ತು ಗೋಡೆ ಕಟ್ಟಿ ಕಾದು ಗೆಲ್ಲುವ ಉಪಾಯ ನಡೆಯದು. ಮೊದಲೆರಡು ಸುತ್ತಿನಲ್ಲಿ ಬಡಿದು ಮುಗಿಸಬೇಕು, ಇಲ್ಲವೇ ವಿಷ ತಾಗದ ಜಾತಿಯವರನ್ನು ತರಬೇಕು. ಇದರ ಜೊತೆಗೇ ಕತ್ತಿಯವರು ಬರಕೂಡದೆಂಬ ನಿಯಮವೂ ಬಂದು ಕೂತರೆ? ಆ ಪಂದ್ಯವನ್ನು ನಾವು ಸೋತೆವು. ಯೋಚನೆ ಮುಗಿಯುವ ಮೊದಲು ಸಮಯ ಮುಗಿದಿತ್ತು, ಅಷ್ಟೇ. ಎಲ್ಲ ಸೋಲಿಗೂ ಒಳಗುಟ್ಟು ಇರಬೇಕೆಂದಿಲ್ಲ.

ಈಗ ಹಣದ ಮಾತು. ಹೇಳದೆ ಹೋದರೆ ತಪ್ಪಾಗುತ್ತದೆ. ಈ ಆಟದ ಕಾರ್ಡುಗಳಿಗೆ ಪೇಟೆ ಉಂಟೆಂದು ಆಗಲೇ ಹೇಳಿದೆ. ಆಡಿದರೆ ಸಂಪಾದನೆಯಾಗುತ್ತದೆಂಬ ಸುದ್ದಿ ಹಬ್ಬಿ 2021ರಲ್ಲಿ ಇಂಥ ಆಟಗಳಿಗೆ ಲೋಕದ ಎಲ್ಲ ಕಡೆಯಿಂದ ಜನ ನುಗ್ಗಿದರು. ಕಾರ್ಡುಗಳ ಬೆಲೆ ಏರಿತು, 2022ರಲ್ಲಿ ಇಳಿಯಿತು. ಏರುವಾಗ ಕೊಂಡವರ ಗತಿ, ಅಡಿಕೆಗೆ ರೇಟು ಬಂದಾಗ ಸಾಲ ಮಾಡಿ ತೋಟ ಕೊಂಡವನ ಗತಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹುಡುಗ ಆಟ ಪುಕ್ಕಟೆ ಕೊಡುವ ಕಾರ್ಡುಗಳಲ್ಲೇ ಆಡುವವನು. ಕೊಳ್ಳುವುದಿಲ್ಲ ಎಂಬುದು ನಮ್ಮಿಬ್ಬರ ಕರಾರು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿತು. ರಮ್ಮಿಯ ಜಾಹೀರಾತು ನೋಡಿ ಮನೆ ಕಳೆದುಕೊಂಡವರ ಕಥೆ ಗಡಿಯ ಆಚೆಯೂ ಈಚೆಯೂ ಕೇಳಿದ್ದೇವೆ. ಕೊಳ್ಳುವುದಿಲ್ಲ ಎಂಬುದೂ ಒಂದು ನಿಯಮವೇ ತಾನೇ? ಮೊದಮೊದಲು ಹುಡುಗನಿಗೆ ಅದೂ ಕಟ್ಟಿಹಾಕಿದ ಹಾಗೆ ಕಂಡಿತ್ತು. ಆದರೆ ಇದ್ದ ಇಪ್ಪತ್ತು ಮೂವತ್ತು ಕಾರ್ಡುಗಳಲ್ಲಿ ಮೂಲೆಗೆ ಬಿದ್ದವರನ್ನು ಎತ್ತಿ ನೋಡುವ ಅಭ್ಯಾಸ ಅವನಿಗೆ ಬಂದದ್ದು ಅದರಿಂದಲೇ. ದುಡ್ಡಿದ್ದವನಾಗಿದ್ದರೆ ಆ ಗೋಡೆಯಂಥವನನ್ನು ಅವನು ಯಾವತ್ತೂ ಮುಟ್ಟುತ್ತಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಆಟ ಇಂಗ್ಲಿಷಿನಲ್ಲಿದೆ. ನಮ್ಮ ಹುಡುಗ ಅದನ್ನು ಮಲಯಾಳದಲ್ಲಿ ಗೆಳೆಯರ ಹತ್ತಿರ ಆಡುತ್ತಾನೆ, ಕನ್ನಡದಲ್ಲಿ ನನ್ನ ಹತ್ತಿರ. ಗೋಡೆ, ಪಂಡಿತ, ಹೊಂಚುಗಾರ, ಹಿಂಬಾಗಿಲ ಕಳ್ಳ, ಈ ಹೆಸರುಗಳನ್ನು ಅವನ ಗೆಳೆಯರೂ ಈಗ ಹಾಗೇ ಹೇಳುತ್ತಾರಂತೆ, ಮಲಯಾಳದ ಮಾತಿನ ನಡುವೆ. ನಾವು ಪೋಸ್ಟ್ ಮಾಸ್ತರರಿಂದ 'ಪದಿನಾರ್' ಕಲಿತದ್ದಕ್ಕೆ ಇದು ಸರಿಹೋಯಿತು.

ರಜೆ ಮುಗಿಯುವ ಹಿಂದಿನ ಸಂಜೆ. ಆಷಾಢದ ಮಳೆ, ಕರೆಂಟು ಇಲ್ಲ, ಮೊಬೈಲಿನ ಬ್ಯಾಟರಿಯೂ ತೀರಿತ್ತು. ಹಿಂದೆ ನಮ್ಮ ಎದುರು ಜೋಡಿಯಾಗಿ ಆಡುತ್ತಿದ್ದ ದಿನಸಿ ಅಂಗಡಿಯವರು ಕೊಡೆ ಮಡಚುತ್ತಾ ಜಗಲಿಗೆ ಬಂದರು. ಹುಡುಗ ಗೂಡಿಗೆ ಕೈ ಹಾಕಿ ಆ ಇಸ್ಪೀಟಿನ ಕಟ್ಟನ್ನು ಎತ್ತಿದ. ನಾನು ಬೇಡವೆಂದೆ. ಮೂವರೇ ಇದ್ದೇವೆ, ಇಪ್ಪತ್ತೆಂಟಕ್ಕೆ ನಾಲ್ವರು ಬೇಕು ಎಂದೆ.

''ಅಜ್ಜ, ಏಳಕ್ಕೂ ಎಂಟಕ್ಕೂ ಎಷ್ಟು ಅಂಕ?''

''ಅವಕ್ಕೆ ಅಂಕ ಎಲ್ಲಿಂದ?''

''ಹಾಗಾದರೆ ಅವನ್ನು ತೆಗೆದು ಹಾಕುವಾ. ಎಂಟು ಎಲೆ ಹೋದರೆ ಇಪ್ಪತ್ತನಾಲ್ಕು ಉಳೀತದೆ. ಮೂವರಿಗೆ ಎಂಟೆಂಟು. ಕೂಗಿದವ ಒಬ್ಬ, ಎದುರು ಇಬ್ಬರು. ಅಂಕ ಇಪ್ಪತ್ತೆಂಟೇ ಇರ್ತದಲ್ಲ?''

ದಿನಸಿ ಅಂಗಡಿಯವರು ಬೆರಳಲ್ಲಿ ಎಣಿಸಿ ನೋಡಿ, ''ಹೌದು ಮಾರಾಯ್ರೇ, ಒಂದಂಕವೂ ಕಮ್ಮಿ ಆಗೂದಿಲ್ಲ'' ಎಂದರು. ನಲವತ್ತು ವರ್ಷ ಆಡಿದ ನಮಗೆ ಇದು ಹೊಳೆದಿರಲಿಲ್ಲ. ಹೊಳೆಯಬೇಕೆಂದು ಮನಸ್ಸಿಗೂ ಇರಲಿಲ್ಲವೇನೋ.

ಹುಡುಗ ಲಾಟೀನಿನ ಬೆಳಕಿನಲ್ಲಿ ಏಳುಗಳನ್ನೂ ಎಂಟುಗಳನ್ನೂ ಆರಿಸಿ ಪಕ್ಕಕ್ಕಿಟ್ಟ. ಎಲೆ ಸ್ವಲ್ಪ ತೇವ ಹಿಡಿದಿತ್ತು. ನಾಲ್ಕು ನಾಲ್ಕು ಹಂಚಿದ. ಎತ್ತಿ ನೋಡಿದೆ: ಒಂದು ಗುಲಾಮ, ಅದೇ ಜಾತಿಯ ಒಂಬತ್ತು, ಎರಡು ರಾಣಿ. ''ಪದಿನಾರ್'' ಎಂದೆ.